ಕಿವಿಗೊಂದು ಭೂತಗನ್ನಡಿ

ಕಛೇರಿಯ ಬಿರುಸಾದ ಸಂಗತಿಯೊಂದು ಕಿವಿಗೆ ಹಿತವಾದರೂ ಕಂಠಕ್ಕೆ ಎಟುಕದಿರುವುದು ಕರ್ನಾಟಕ ಸಂಗೀತದ ಅಭ್ಯಾಸಿಗಳೆಲ್ಲರ ಅನುಭವ. ಹಿಂದೆ ಧ್ವನಿಸುರುಳಿಯನ್ನು ಅರ್ಧವೇಗದಲ್ಲಿ ಓಡಿಸಿ ಕೇಳುವುದುಂಟಾಗಿತ್ತು. ಆದರೆ ಆಗ ಸೆಕೆಂಡಿಗೆ 440 ಕಂಪನಗಳ ಸ್ವರವು 220ಕ್ಕೆ ಕುಸಿದು, ಹಾಡು ಒಂದು ಸ್ಥಾಯಿ ಕೆಳಕ್ಕಿಳಿಯುತ್ತಿತ್ತು. ಇಂದಿನ ತಂತ್ರಾಂಶವು ಧ್ವನಿಯನ್ನು ಸೆಕೆಂಡಿನ ನೂರರಲ್ಲಿ ಕೆಲವು ಪಾಲುಗಳಷ್ಟೇ ಉದ್ದದ ತುಣುಕುಗಳಾಗಿ ವಿಭಜಿಸಿ, ಅಂಚಿಗೆ ಅಂಚು ಬೆಸೆಯುವಂತೆ ವಿರಳವಾಗಿ ಮರುಜೋಡಿಸುತ್ತದೆ. ಕಾಲ ಹಿಗ್ಗುತ್ತದೆ, ಶ್ರುತಿ ಕದಲುವುದಿಲ್ಲ.

ಇದು ಸೋಮಾರಿಗಳ ಅಡ್ಡದಾರಿಯೆಂದು ಹಳಿಯುವವರುಂಟು. ನಾನು ಒಪ್ಪೆನು. ಭೂತಗನ್ನಡಿಯಲ್ಲಿ ಹೂವನ್ನು ನೋಡಿದ ಮಾತ್ರಕ್ಕೆ ಸಸ್ಯವಿಜ್ಞಾನಿಯು ಸೋಮಾರಿಯಾಗುವನೇ?

ಆದರೆ ಎಚ್ಚರಿಕೆಯೊಂದು ಅವಶ್ಯಕ. ಯಂತ್ರವು ಸ್ವರವನ್ನೂ ಅದರ ಗಮಕವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಗಾಯಕನಾದರೋ ವಿಳಂಬಕಾಲದಲ್ಲಿ ಗಮಕದ ಒಲೆತವನ್ನೇ ಬೇರೆ ಬಗೆಯಾಗಿ ರೂಪಿಸುತ್ತಾನೆ. ಆದಕಾರಣ ಯಂತ್ರವು ನಿಧಾನಗೊಳಿಸಿದ ಹಾಡು ಪರಿಶೀಲನೆಗೆ ಯೋಗ್ಯವೇ ಹೊರತು ಅನುಕರಣೆಗಲ್ಲ.

ತೋಡಿಯ ಗಾಂಧಾರವು ರಿಷಭ ಮಧ್ಯಮಗಳ ನಡುವೆ ಹೇಗೆ ತೂಗುವುದೆಂಬುದನ್ನು ಅದರಲ್ಲಿ ಗುರುತಿಸಿರಿ. ಬಳಿಕ ಮೂಲವೇಗದಲ್ಲಿ ಕೇಳಿ, ಗುರುಗಳ ಮುಂದೆ ಹಾಡಿ ತಿದ್ದಿಕೊಳ್ಳಿರಿ. ಭೂತಗನ್ನಡಿಯಲ್ಲಿ ಕಂಡ ಹೂವಿನ ಗಾತ್ರವನ್ನೇ ನಿಜವೆಂದು ನಂಬುವವನು ಹೂವನ್ನು ಅರಿತಂತಾಗಲಿಲ್ಲ.