ಗುಡ್ಡವನ್ನು ಬಿಟ್ಟು ಬಂಗಲೆಯಿಲ್ಲ

ಪಾರಂಪರಿಕ ಕಟ್ಟಡವೆಂದೊಡನೆ ಮಲೆನಾಡಿಗರ ಕಣ್ಣೆದುರು ನಿಲ್ಲುವುದು ತೊಟ್ಟಿಮನೆ. ಮಳೆಯ ನಾಡಿಗೆ ತೊಟ್ಟಿಮನೆ ಹೇಗೋ, ಬಿಸಿಲ ನಾಡಿಗೂ ಅದರದೇ ವಾಸ್ತುವಿವೇಕವುಂಟು. ಅದನ್ನು ಅರಿಯಲು ರಾಯಚೂರು ಸೀಮೆಯತ್ತ ನೋಡಬೇಕು.

ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಆರಂಭಕಾಲದಲ್ಲಿ, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆಯಿದು. ಇಂಗ್ಲೆಂಡಿನ ವಿಕ್ಟೋರಿಯನ್ ಮನೆ ಬಿಸಿಲನ್ನು ಒಳಗೆ ಕರೆಯುತ್ತಿತ್ತು. ದಖ್ಖನಿನ ಬಂಗಲೆ ಬಿಸಿಲನ್ನು ಹೊರಗೇ ತಡೆಯಬೇಕಿತ್ತು. ದಪ್ಪ ಗೋಡೆ, ಎತ್ತರದ ಮಾಡು, ಆಳವಾದ ಪಡಸಾಲೆ, ಗಾಳಿಗೆ ಒಡ್ಡಿದ ನೆಲೆ ಇವೆಲ್ಲ ಆ ಕಾಲದ ಇಂತಹ ಬಂಗಲೆಗಳ ಲಕ್ಷಣಗಳು. ಈ ವಿವೇಕ ಹಡಗಿನಲ್ಲಿ ಬಂದುದಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ಹಳೆಯ ಕಲ್ಲುಗೋಡೆಯ ಮಣ್ಣಿನ ಮಾಳಿಗೆಮನೆಗಳಲ್ಲಿ ಅದು ಮೊದಲೇ ಇತ್ತು. ಹಗಲಿನ ಕಾವನ್ನು ದಪ್ಪ ಗೋಡೆ ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ತಗಡಿನ ಸೂರಿಗೆ ಆ ಗುಣವಿಲ್ಲ.

ಈ ಬಂಗಲೆ ವಸಾಹತು ಆಡಳಿತದ ಕುರುಹೂ ಹೌದು. ಟೇಲರನ ಉಸ್ತುವಾರಿಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದು 1858ರಲ್ಲಿ ಸೆರೆಯಾಳಾಗಿ ಮಡಿದನು. ಕಟ್ಟಡವನ್ನು ಉಳಿಸುವುದೆಂದರೆ ಕಟ್ಟಿಸಿದವನನ್ನು ಪೂಜಿಸುವುದಲ್ಲ. ಇತಿಹಾಸದ ಸಾಕ್ಷಿಯನ್ನು ಕಾಯುವುದು.

ಆದರೆ ಸಂರಕ್ಷಣೆ ಗೋಡೆಗೇ ನಿಂತರೆ ಸಾಲದು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು 2010ರ ತಿದ್ದುಪಡಿ ಕಾಯಿದೆ ವಿಧಿಸಿದೆ. ಕಾನೂನು ಮೀಟರಿನಲ್ಲಿ ಅಳೆಯುತ್ತದೆ. ನೀರು ಇಳಿಜಾರನ್ನು ಅನುಸರಿಸುತ್ತದೆ. ಸುರಪುರದ ನಾಯಕರು ಕಟ್ಟಿಸಿ, ಟೇಲರನ ಕಾಲದಲ್ಲಿ ಸುಧಾರಣೆ ಕಂಡ ಬೋನಾಳ ಕೆರೆ ಇಂದು ಪಕ್ಷಿಧಾಮ. ಬಂಗಲೆ, ಗುಡ್ಡ, ಕೆರೆ ಒಂದೇ ಭೂದೃಶ್ಯದ ಅಂಗಗಳು. ಗುಡ್ಡ ಕಲ್ಲುಗಣಿಯಾದರೆ ಉಳಿದ ಗೋಡೆಗೆ ಅರ್ಥವೇನು?

ಆದ್ದರಿಂದ ಇಂತಹ ಕಟ್ಟಡಗಳ ದುರಸ್ತಿಗೆ ಮುನ್ನ ದಾಖಲೀಕರಣವಾಗಬೇಕು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿ ತೇವವನ್ನು ಒಳಗೇ ಕೂಡಿಹಾಕುವ ಪರಿಪಾಠ ನಿಲ್ಲಬೇಕು. ಗುಡ್ಡದ ಇಳಿಜಾರು ಮತ್ತು ಕೆರೆಯ ಜಲಾನಯನವೂ ರಕ್ಷಣೆಯ ಪರಿಧಿಗೆ ಸೇರಬೇಕು. ಅಳಿದುಳಿದ ಮಾಳಿಗೆಮನೆಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳೇ ಸಿದ್ಧಪಡಿಸಲಿ. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ಆ ಮನೆಗಳು ನಾಳೆಯ ಬದುಕಿಗೂ ಬೇಕಾದ ಪಾಠಗಳು.