ನೋಡಿದ್ದು ಸಾಕು, ಇನ್ನು ನಾವೇ ಮಾಡೋಣ

ಈ ಸಲದ ಗೋಡೆ ಪತ್ರಿಕೆಗೆ ಒಂದು ಕವನ ಬರೆಯೋಣ ಅಂತ ಕೂತಿದ್ದೆ. ಆದರೆ ಮನಸ್ಸಿನಲ್ಲಿ ಬೇರೆಯೇ ಒಂದು ವಿಷಯ ಕೊರೆಯುತ್ತಿತ್ತು. ಅದನ್ನೇ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ನಮ್ಮ ಅಜ್ಜಿ ಹೋದ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ತೀರಿಕೊಂಡರು. ಅವರ ಧ್ವನಿ ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಬರೀ 11 ಸೆಕೆಂಡು. ಬೆಂಗಳೂರಿನ ಮಾವನಿಗೆ ಅಮ್ಮನ ಫೋನಿನಲ್ಲಿ ಹೇಳಿ ಕಳಿಸಿದ್ದು: "ಏಲಕ್ಕಿ ಕಳಿಸಿದ್ದೇನೆ ಮಗಾ, ಡಬ್ಬ ಮಾತ್ರ ಮರೀದೆ ವಾಪಸ್ ಕಳಿಸು." ಅಷ್ಟೇ.

ಅಜ್ಜಿಯ ಹತ್ತಿರ ಇದ್ದದ್ದು ಅಷ್ಟೇನಾ? 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡ ಜಾರಿದ್ದು ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಒಂದು ರಾತ್ರಿ ಮಳೆ ಸುರಿಯುತ್ತಲೇ ಇತ್ತು, ಆದರೆ ನಮ್ಮ ಮನೆ ಹಿಂದಿನ ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕಡಿಮೆಯಾಯಿತು. ಆಮೇಲೆ ಕೆಂಪು ಕೆಸರಾಗಿ ಬಂತು. ಅಜ್ಜಿ ಅದನ್ನು ನೋಡಿ, "ಮೇಲೆ ಎಲ್ಲೋ ಮಣ್ಣು ಕಟ್ಟಿಕೊಂಡಿದೆ, ಯಾರೂ ಇಲ್ಲಿ ಇರಬೇಡಿ" ಅಂತ ಎಲ್ಲರನ್ನೂ ಎಬ್ಬಿಸಿ ಕರೆದುಕೊಂಡು ಹೋದರು. ಬೆಳಿಗ್ಗೆ ಬಂದು ನೋಡಿದರೆ ಕೊಟ್ಟಿಗೆಯೇ ಇರಲಿಲ್ಲ. ನಾನಾಗ ತೀರಾ ಚಿಕ್ಕವಳು.

ಈ ಕಥೆಯನ್ನು ಅಜ್ಜಿ ಎಷ್ಟೋ ಸಲ ಹೇಳಿದರು. ತೋಡಿನ ನೀರು, ನೆಲದ ಬಿರುಕು, ವಾಲಿದ ಮರ, ಇವನ್ನೆಲ್ಲ ಹೇಗೆ ಗಮನಿಸಬೇಕು ಅಂತಲೂ ಹೇಳುತ್ತಿದ್ದರು. ನಾನು ಫೋನಿನಲ್ಲಿ ಆಟ ಆಡುತ್ತಾ "ಹೂಂ, ಹೂಂ" ಅನ್ನುತ್ತಿದ್ದೆ. ರೆಕಾರ್ಡ್ ಮಾಡುವ ಯಂತ್ರ ನನ್ನ ಕೈಯಲ್ಲೇ ಇತ್ತು! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು ನನ್ನ ಕಥೆ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಡಿಜಿಟಲ್ ಪಾಠ ಅಂದರೆ ನಮಗೆ ಗೊತ್ತಿರುವುದು ಒಂದೇ: ಕೂತು ನೋಡುವುದು. 2017ರಲ್ಲಿ ಶುರುವಾದ ದೀಕ್ಷಾದಲ್ಲಿ ಪಾಠಗಳಿವೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ಟಿ.ವಿ.ಯಲ್ಲೂ ಪಾಠ ಬಂತು. ನೆಟ್‌ವರ್ಕ್ ಸಿಗದೆ ನಮ್ಮ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿದ್ದೂ ಉಂಟು. ಶನಿವಾರಸಂತೆ ಕಡೆಯ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ಅವರಂತೂ 2021ರಲ್ಲಿ ಮರದ ಮೇಲೆ ಗುಡಿಸಲು ಕಟ್ಟಿಕೊಂಡು, ಅಲ್ಲಿ ಕೂತು ಮಕ್ಕಳಿಗೆ ಪಾಠ ಮಾಡಿದರು. ಅಂಥ ಗುರುಗಳಿಗೆ ನಮಸ್ಕಾರ.

ಆದರೆ ನನ್ನ ಪ್ರಶ್ನೆ ಇಷ್ಟೇ. ಪಾಠ ಯಾವಾಗಲೂ ಮೇಲಿನಿಂದ ನಮ್ಮ ಕಡೆಗೇ ಇಳಿದು ಬರಬೇಕಾ? ಇಲ್ಲಿಂದ ನಾವು ಏನೂ ಮಾಡಿ ಕೊಡಬಾರದಾ? ಜ್ವಾಲಾಮುಖಿಯ ವಿಡಿಯೋ ನೋಡಿದ್ದೇವೆ, ಮರುಭೂಮಿಯದ್ದೂ ನೋಡಿದ್ದೇವೆ. ನಮ್ಮ ತೋಡಿನ ನೀರು ಯಾಕೆ ಕೆಂಪಾಯಿತು ಅಂತ ನಮ್ಮ ಊರಿನವರ ಬಾಯಲ್ಲೇ ಹೇಳಿಸಿದ ಪಾಠ ಎಲ್ಲಿದೆ? ಅದನ್ನು ಮಾಡಬೇಕಾದವರು ನಾವೇ.

ಇದಕ್ಕೆ ಡಿಜಿಟಲ್ ಕಥೆ ಅಂತ ಹೆಸರು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್ ಮತ್ತು ಅವರ ಜೊತೆಗಾರರು ಸಾಮಾನ್ಯ ಜನರಿಗೆ ಇದನ್ನು ಕಲಿಸತೊಡಗಿದರು. ನಮ್ಮದೇ ಧ್ವನಿ, ಕೆಲವು ಚಿತ್ರ, ಎರಡು ಮೂರು ನಿಮಿಷದ ಕಥೆ, ಅಷ್ಟೇ. ಆದರೆ ಹಿರಿಯರ ಬಾಯಿಂದ ಕೇಳಿ ಉಳಿಸುವ ಕೆಲಸ ಕೊಡಗಿಗೆ ಹೊಸದೇನಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಹಿರಿಯರಿಂದ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಅವರ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಪೆನ್ನು. ನಮ್ಮ ಕೈಯಲ್ಲಿ ಅದಕ್ಕಿಂತ ಹೆಚ್ಚಿದೆ.

ಏನೇನಿದೆ ಅಂತ ಕೇಳಿ. ಆಡಾಸಿಟಿ ಅಂತ ಒಂದು ತಂತ್ರಾಂಶ. ಧ್ವನಿ ರೆಕಾರ್ಡ್ ಮಾಡಬಹುದು, ಬೇಡದ ಮಾತು ಕತ್ತರಿಸಬಹುದು, ಮಳೆಯ ಸದ್ದನ್ನೂ ಸ್ವಲ್ಪ ತಗ್ಗಿಸಬಹುದು. ಓಪನ್‌ಶಾಟ್‌ನಲ್ಲಿ ಚಿತ್ರ ಮತ್ತು ಧ್ವನಿ ಸೇರಿಸಿ ವಿಡಿಯೋ ಮಾಡಬಹುದು. ಜಿಯೋಜೀಬ್ರಾದಲ್ಲಿ ತ್ರಿಕೋನದ ಮೂಲೆ ಎಳೆದ ಹಾಗೆ ಕೋನ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಈ ಮೂರನ್ನೂ ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಆಮೇಲೆ ನೆಟ್ ಬೇಡ. ಇನ್ನೊಂದು, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್. ಕನ್ನಡದಲ್ಲೂ ಚಿತ್ರಕಥೆಗಳಿವೆ. ಅವನ್ನು ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಅಲ್ಲಿನ ಚಿತ್ರಗಳಿಗೆ ನಮ್ಮದೇ ಕಥೆ ಬರೆಯಬಹುದು. ಯಾವುದಕ್ಕೂ ದುಡ್ಡಿಲ್ಲ.

ಆದರೆ ಒಂದು ಎಚ್ಚರಿಕೆ. 'ಉಚಿತ' ಅಂದಿದ್ದೆಲ್ಲ ಉಚಿತ ಅಲ್ಲ. ಕೆಲವು ಮೊದಲು ನಮ್ಮ ಹೆಸರು, ಮೊಬೈಲ್ ನಂಬರ್ ಕೇಳುತ್ತವೆ, ಆಮೇಲೆ ದುಡ್ಡು ಕೇಳುತ್ತವೆ. ಕೆಲವು ಒಂದು ದಿನ ನಿಂತೇ ಹೋಗುತ್ತವೆ. ಬಹಳ ಶಾಲೆಗಳಲ್ಲಿ ಬಳಸುತ್ತಿದ್ದ ವಿಂಡೋಸ್ ಮೂವಿ ಮೇಕರ್ 2017ರಲ್ಲಿ ನಿಂತಿತು. ಫ್ಲ್ಯಾಶ್ 2020ರ ಕೊನೆಗೆ ನಿಂತಾಗ ಅದರಲ್ಲಿ ಮಾಡಿದ ಎಷ್ಟೋ ಪಾಠ, ಆಟ ತೆರೆಯದೇ ಹೋದವು. ಆದ್ದರಿಂದ ನಾವು ಮಾಡಿದ್ದನ್ನು ನಮ್ಮಲ್ಲೇ ಇಟ್ಟುಕೊಳ್ಳಬೇಕು. ಮೂರು ನಿಮಿಷದ ಧ್ವನಿ ಎಂಪಿ3 ಆದರೆ ಸುಮಾರು 3 ಎಂಬಿ. 16 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ 5 ಸಾವಿರ ಅಜ್ಜಿಯರು ಹಿಡಿಸುತ್ತಾರೆ!

"ಫೋನು ಕೊಟ್ಟರೆ ಮಕ್ಕಳು ಹಾಳಾಗ್ತಾರೆ" ಅಂತ ದೊಡ್ಡವರು ಹೇಳುತ್ತಾರೆ. ಆ ಮಾತನ್ನು ಸುಳ್ಳು ಅನ್ನಲಾರೆ. ಅಜ್ಜಿ ಮಾತಾಡುವಾಗ ಆಟ ಆಡಿದವಳು ನಾನೇ ತಾನೆ? ಆದರೆ ಅದೇ ಫೋನಿಗೆ ಒಂದು ಕೆಲಸ ಕೊಟ್ಟಿದ್ದರೆ ನಾನು ಅಜ್ಜಿಯ ಕಡೆ ತಿರುಗಿ ಕೂರುತ್ತಿದ್ದೆ. ಫೋನು ಇಲ್ಲದ ಗೆಳೆಯರ ಗತಿ ಏನು ಅಂತ ಕೇಳಬಹುದು. ನಮ್ಮ ಕ್ಲಾಸಿನಲ್ಲಿ ಲೈನ್ ಮನೆಯಿಂದ ಬರುವವರಿದ್ದಾರೆ, ಹಾಡಿಯಿಂದ ಬರುವವರಿದ್ದಾರೆ. ಅದಕ್ಕೇ ಹೇಳುವುದು, ಇದು ಮನೆಗೆಲಸ ಆಗಬಾರದು, ಶಾಲೆಯ ಕೆಲಸ ಆಗಬೇಕು.

ಇನ್ನೊಂದು ಮಾತು. ನಮ್ಮ ಕ್ಲಾಸಿನಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಯರವ ಭಾಷೆ, ತುಳು, ಮಲಯಾಳ ಎಲ್ಲ ಇದೆ. ಕೊಡವ ಭಾಷೆ ಅಳಿವಿನ ಅಪಾಯದಲ್ಲಿದೆ ಅಂತ ಯುನೆಸ್ಕೋ ಪಟ್ಟಿ ಹೇಳುತ್ತದೆ. ಯರವ ಮಾತಾಡುವ ನನ್ನ ಗೆಳತಿ ಮಾತ್ರ ಶಾಲೆಗೆ ಬಂದರೆ ಮನೆ ಮಾತು ಆಡುವುದೇ ಇಲ್ಲ. ಯಾರಾದರೂ ನಗುತ್ತಾರೆ ಅಂತ ನಾಚಿಕೆ. ಅವಳ ತಾತನ ಕಥೆ ನಮ್ಮ ಕ್ಲಾಸಿನ ಸ್ಪೀಕರ್‌ನಲ್ಲಿ ಅವರದೇ ಮಾತಿನಲ್ಲಿ ಬಂದರೆ, ಕೆಳಗೆ ಕನ್ನಡ ಅರ್ಥ ಅವಳೇ ಬರೆದರೆ, ಆ ದಿನ ಮೇಷ್ಟ್ರ ಜಾಗದಲ್ಲಿ ಅವಳೇ ನಿಲ್ಲುತ್ತಾಳೆ.

ಆದ್ದರಿಂದ ಗುರುಗಳಲ್ಲಿ ನನ್ನ ಬಿನ್ನಹ. ಪ್ರತಿ ಶನಿವಾರ ಕೊನೆಯ ಪಿರಿಯಡ್ ಇದಕ್ಕೆ ಕೊಡಿ. ಐದೈದು ಜನರ ಗುಂಪು, ಗುಂಪಿಗೆ ಒಬ್ಬ ಹಿರಿಯರು. ರೆಕಾರ್ಡಿಂಗ್ ಮೇಷ್ಟ್ರ ಫೋನಿನಲ್ಲಿ, ಕತ್ತರಿಸಿ ಜೋಡಿಸುವುದು ಕಂಪ್ಯೂಟರ್ ಕೋಣೆಯಲ್ಲಿ. ಚಿತ್ರ ನಾವೇ ಬಿಡಿಸುತ್ತೇವೆ. ಹಿರಿಯರನ್ನು ಕೇಳದೆ ಯಾವುದನ್ನೂ ಇಂಟರ್‌ನೆಟ್ಟಿಗೆ ಹಾಕಬಾರದು. ಕರೆಂಟು ಹೋದರೆ? ಕಥೆಯನ್ನು ಬರೆದು ಇದೇ ಗೋಡೆಗೆ ಅಂಟಿಸೋಣ.

ನೆಟ್ ಬರಲಿ, ದೊಡ್ಡ ಟಿ.ವಿ. ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಅವು ಯಾವತ್ತಾದರೂ ಬರುತ್ತವೆ. ಅಜ್ಜಿಯರು ಕಾಯುವುದಿಲ್ಲ. ಇವತ್ತು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಅಜ್ಜಿಯ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ. ನನ್ನ ಹತ್ತಿರ ಇರುವುದು 11 ಸೆಕೆಂಡು. ನಿಮ್ಮ ಹತ್ತಿರ ಅದಕ್ಕಿಂತ ಜಾಸ್ತಿ ಇರಲಿ.

ಏನಂತೀರಿ?

– 9ನೇ ತರಗತಿಯ ವಿದ್ಯಾರ್ಥಿನಿ