ದಂಡನೆಯ ಕಾನೂನಿಗೆ ಮುನ್ನ ಜನರ ಮಾತು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ ರಾಜ್ಯದಲ್ಲಿ ಪ್ರತಿ ಮಸೂದೆಗೂ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. 2019ರಲ್ಲಿ ಅಲ್ಲಿ ಮರಣದಂಡನೆ ರದ್ದಾಗುವ ಮುನ್ನ ಕೊಲೆಯಾದವರ ಬಂಧುಗಳೂ ಶಾಸಕರೆದುರು ನಿಂತು ಮಾತನಾಡಿದರು. ಮಸೂದೆಯ ರೂವಾರಿ, ಶಾಸಕ ರೆನ್ನಿ ಕುಶಿಂಗ್ ಅವರ ತಂದೆಯೇ 1988ರಲ್ಲಿ ಮನೆಬಾಗಿಲಲ್ಲಿ ಗುಂಡಿಗೆ ಬಲಿಯಾಗಿದ್ದರು. ಗವರ್ನರ್ ತಿರಸ್ಕರಿಸಿದ ಆ ಮಸೂದೆ ಸೆನೆಟ್‌ನಲ್ಲಿ ಉಳಿದದ್ದು 16–8 ಮತಗಳಿಂದ. ಒಂದು ಮತ ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿತ್ತು.

ನಮ್ಮಲ್ಲಿ 2023ರಲ್ಲಿ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಮಸೂದೆಗಳನ್ನು ಸಂಸತ್ತಿನ ಸ್ಥಾಯಿ ಸಮಿತಿ ಪರಿಶೀಲಿಸಿತೇನೋ ಹೌದು. ಆದರೆ ನಿಯಮದಂತೆ ಮುಚ್ಚಿದ ಕೊಠಡಿಯಲ್ಲಿ. ವಿಳಂಬದ ನೆಪ ನನಗೆ ಒಪ್ಪಿತವಲ್ಲ: 1860ರ ದಂಡಸಂಹಿತೆಯನ್ನು ಅಷ್ಟು ಕಾಲ ಸಹಿಸಿದವರಿಗೆ ಇನ್ನು ಮೂರು ತಿಂಗಳು ಹೆಚ್ಚೇ? ನಮ್ಮ ವಿಧಾನಮಂಡಲವಾದರೂ ಜನರನ್ನು ಜೈಲಿಗಟ್ಟಬಲ್ಲ ಮಸೂದೆಗಳನ್ನು ಧ್ವನಿಮತಕ್ಕೆ ಹಾಕುವ ಮುನ್ನ, ಠಾಣೆಗೆ ಅಲೆದು ಬಸವಳಿದವರನ್ನೂ ವಿಚಾರಣಾಧೀನ ಕೈದಿಗಳ ಮನೆಯವರನ್ನೂ ಕರೆದು, ಪತ್ರಕರ್ತರ ಸಮ್ಮುಖದಲ್ಲೇ ಕೇಳಬೇಕೆಂಬುದು ನನ್ನ ಒತ್ತಾಯ.